ಮಾವನ ಜೀಪಿನಲ್ಲಿ ಒಂದು ಲೋಟ ನೀರು

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಹೇಳುವುದಕ್ಕೆ ಬಂಗಾರಪೇಟೆಯಿಂದ ಆಂಡರ್ಸನ್‌ಪೇಟೆಯವರೆಗೆ ಬೇಕಾದಷ್ಟು ಜನರಿದ್ದಾರೆ. ಅವರಲ್ಲಿ ನನ್ನ ತಾಯಿಯೇ ಮೊದಲಿಗರು, ಒಡಹುಟ್ಟಿದ ಅಕ್ಕ! ನಾನು ಹೇಳುವುದು ಇಷ್ಟೇ: ತಟ್ಟೆಗೆ ಬಿದ್ದ ರಾಗಿಮುದ್ದೆಯನ್ನು ವರ್ನಿಯರ್‌ನಿಂದ ಅಳೆದು, “ಇವತ್ತಿಂದು ನಿನ್ನೆಗಿಂತ ಎರಡು ಮಿಲಿಮೀಟರ್ ಕಮ್ಮಿ ಅದೆ” ಎಂದು ಹೆಂಡತಿಗೆ ವರದಿ ಒಪ್ಪಿಸುವ ಗಂಡಸು ಈ ಭೂಮಿಯ ಮೇಲೆ ಇನ್ನೊಬ್ಬನಿದ್ದರೆ ನನಗೆ ತೋರಿಸಿ. ಆವತ್ತೇ ನಾನು ಕನ್ನಡ ಮೇಡಂ ಕೆಲಸಕ್ಕೆ ರಾಜೀನಾಮೆ ಕೊಟ್ಟು ರಾಬರ್ಟ್‌ಸನ್‌ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುತ್ತೇನೆ.

ಮಾವ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಗಣಿ ಮುಚ್ಚಿದ ಮೇಲೆ ಅದರ ಪಕ್ಕದ ಕೋರಮಂಡಲ್‌ನ ಕ್ವಾರ್ಟರ್ಸ್ ಖಾಲಿ ಮಾಡಿ, ಬಂಗಾರಪೇಟೆ ಪಕ್ಕದ ತಮ್ಮ ಹಳ್ಳಿಗೆ ಅವರು ತಂದದ್ದು ಮೂರೇ: ನಮ್ಮ ಅತ್ತೆ, ಒಂದು ವರ್ನಿಯರ್, ಹರಾಜಿನಲ್ಲಿ ಹಿಡಿದ ಒಂದು ಮುದಿ ಜೀಪು. ಪ್ರೀತಿಯೂ ಇದೇ ಕ್ರಮದಲ್ಲಿತ್ತೋ ಅಥವಾ ತಿರುಗಾಮುರುಗಾ ಇತ್ತೋ ಎಂದು ನಮ್ಮ ಮನೆಯಲ್ಲಿ ಇವತ್ತಿಗೂ ವಾದವಿದೆ. ವರ್ನಿಯರ್ ಹಳದಿ ಬಟ್ಟೆ ಸುತ್ತಿಕೊಂಡು ದೇವರ ಗೂಡಿನಲ್ಲಿ ಕೂತಿರುತ್ತದೆ. ಹಸುವಿನ ಕೊಂಬು, ನನ್ನ ಮಗಳ ಪೆನ್ಸಿಲ್ಲು, ಅತ್ತೆಯ ಬಳೆ, ಎಲ್ಲವೂ ಒಂದಲ್ಲ ಒಂದು ದಿನ ಅದರ ಬಾಯಿಗೆ ಸಿಕ್ಕಿವೆ. ಮಾವನಿಗೆ ಸಿಟ್ಟು ಬಂದರೆ ತೆಲುಗು, ಎಣಿಸುವಾಗ ತಮಿಳು, ದನಕರುಗಳ ಹತ್ತಿರ ಕನ್ನಡ. ಅತ್ತೆಯ ಮುಂದೆ ಮಾತ್ರ, ಅಳತೆಯ ಮಾತು ಬಿಟ್ಟರೆ, ಯಾವ ಭಾಷೆಯೂ ಇಲ್ಲ, ಬರೀ “ಹ್ಞೂಂ”.

ಇಂಥವರ ಸಂಸಾರದಲ್ಲಿ ಒಂದೇ ತಿಂಗಳಲ್ಲಿ ಎರಡು ಮುರಿತಗಳಾದವು. ಅತ್ತೆ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಮೊಣಕಾಲು ಮುರಿದುಕೊಂಡರು. ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಜೀಪು ಹಳ್ಳದ ದಾರಿಯಲ್ಲಿ ಹಿಂದಿನ ಆಕ್ಸಲ್ ಮುರಿದುಕೊಂಡು ಕೂತಿತು. ಅತ್ತೆಗೆ ಆಸ್ಪತ್ರೆಯಲ್ಲಿ ಪ್ಲೇಟ್ ಹಾಕಿದರು. ಕಾಲೇನೋ ಕೂಡಿಕೊಂಡಿತು, ಆದರೆ ಮಡಿಸಲು ಬಾರದು. ಕೋಲು ಹಿಡಿದು ಮನೆಯೊಳಗೆ ನಾಲ್ಕು ಹೆಜ್ಜೆ ಹಾಕಬಹುದು, ಕುರ್ಚಿಯಲ್ಲಿ ಕಾಲು ನೀಡಿಕೊಂಡು ಕೂರಬಹುದು, ಅಷ್ಟೇ.

ಅತ್ತೆಗೆ ಒಬ್ಬ ಅಕ್ಕ ಇದ್ದಾರೆ, ಆಂಡರ್ಸನ್‌ಪೇಟೆಯಲ್ಲಿ. ಅವರಿಗೆ ಬಸ್ಸು ಹತ್ತಿದರೆ ತಲೆ ಸುತ್ತು, ಆಟೋ ಹತ್ತಿದರೆ ವಾಂತಿ. ಹಾಗಾಗಿ ಮೊದಲಿನಿಂದಲೂ ಹೋಗಿ ಬರುವುದು ಅತ್ತೆಯದೇ ಪಾಳಿ. ಅದು ನಿಂತು ಎಂಟು ತಿಂಗಳಾಗಿತ್ತು. ಅಕ್ಕತಂಗಿಯರು ದಿನವೂ ಫೋನಿನಲ್ಲಿ ಜಗಳವಾಡುತ್ತಿದ್ದರು, ತಾಯಿಯ ಹಿತ್ತಾಳೆ ಬಿಂದಿಗೆ ಯಾರಿಗೆ ಸೇರಬೇಕಿತ್ತು ಎಂದು! ಜಗಳ ಮುಗಿಸಿ ಫೋನ್ ಇಟ್ಟ ಮೇಲೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಒಂದ್ಸಲ ಮುಖ ನೋಡ್ಕಂಡು ಬೈಬೇಕು ಕಣಮ್ಮಣ್ಣಿ, ಫೋನ್‌ನಾಗೆ ಬೈದ್ರೆ ಒಟ್ಟೆ ತುಂಬಕಿಲ್ಲ” ಎನ್ನುತ್ತಿದ್ದರು.

ಒಮ್ಮೆ ಕಾರು ತರಿಸಿದೆವು. ಅತ್ತೆ ಒಳಗೆ ಹೋದರು, ಕಾಲು ಹೊರಗೇ ಉಳಿಯಿತು. ಆಟೋ ತರಿಸಿದೆವು. ಅದರಲ್ಲಿ ಕಾಲು ಎಷ್ಟು ಹೊರಗೆ ಚಾಚಿತೆಂದರೆ, ಎದುರಿಗೆ ಬಂದ ಹಾಲಿನ ಬೈಕಿನವನು ಕೈ ತೋರಿಸುತ್ತಿದ್ದಾರೆಂದು ತಿಳಿದು ನಿಲ್ಲಿಸಿಬಿಟ್ಟ. ಆಂಬುಲೆನ್ಸ್ ಕರೆಸೋಣ ಎಂದು ನಾನು ಬುದ್ಧಿವಂತಿಕೆ ತೋರಿಸಿದೆ.

“ಆಂಬುಲೆನ್ಸ್‌ನಾಗೆ ಅಕ್ಕನ ಮನೆ ಮುಂದೆ ಇಳಿದ್ರೆ ಬೀದಿಯೋರೆಲ್ಲ ಊವಿನ ಆರ ತಕಂಡು ಬತ್ತಾರೆ! ಬದುಕಿರೋರು ಓಗೋ ಗಾಡಿ ಬೇಕು ನಂಗೆ” ಎಂದರು ಅತ್ತೆ.

ಬದುಕಿರುವವರು ಕಾಲು ನೀಡಿಕೊಂಡು ಹೋಗುವಂಥ ಗಾಡಿ ನಮ್ಮ ಸೀಮೆಯಲ್ಲಿ ಒಂದೇ. ಆ ಜೀಪಿನ ಹಿಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಉದ್ದನೆ ಸೀಟು. ಮುಂದಿನ ಸೀಟಿಗೆ ಬೆನ್ನು ಆನಿಸಿ, ಉದ್ದಕ್ಕೂ ಕಾಲು ಚಾಚಬಹುದು. ಆದರೆ ಜೀಪಿಗೆ ಆಕ್ಸಲ್ಲೇ ಇಲ್ಲವಲ್ಲ! ಬಂಗಾರಪೇಟೆಯ ಮೆಕ್ಯಾನಿಕ್ಕುಗಳು ಒಬ್ಬೊಬ್ಬರಾಗಿ ಬಂದು, ಬಗ್ಗಿ ನೋಡಿ, ಕೈಮುಗಿದು ಹೋದರು. ಗುಜರಿಗೆ ಹಾಕಿ ಎಂದರು. ಮಾವ ಗೂಡಿನಿಂದ ವರ್ನಿಯರ್ ಇಳಿಸಿಕೊಂಡರು.

ಒಂದು ವಾರದಲ್ಲಿ ಎಲ್ಲಿಂದಲೋ ಹಳೆಯ ಪಿಕಪ್ ಗಾಡಿಯ ಆಕ್ಸಲ್ ಒಂದನ್ನು, ಅದರ ಮೆತ್ತನೆಯ ಸ್ಪ್ರಿಂಗ್ ಪಟ್ಟಾಗಳ ಸಮೇತ, ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದರು. ಜೀಪಿನ ಕೆಳಗೆ ಅದನ್ನು ಕೂರಿಸಿಯೂ ಬಿಟ್ಟರು. ಅಲ್ಲಿಗೆ ಮುಗಿಯಿತು ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡು ಚಪ್ಪಾಳೆ ತಟ್ಟಿ ಬೈಸಿಕೊಂಡೆ.

ಜೀಪಿನ ಹೊಟ್ಟೆಯ ಕೆಳಗೆ ಉದ್ದಕ್ಕೆ ಒಂದು ಕಬ್ಬಿಣದ ಕೊಳವೆ ಇರುತ್ತದಂತೆ. ಮುಂದಿನ ಗೇರ್ ಡಬ್ಬಿ ತಿರುಗಿದ್ದನ್ನು ಹಿಂದಿನ ಆಕ್ಸಲಿಗೆ ಮುಟ್ಟಿಸುವುದು ಅದರ ಕೆಲಸ. ಜಾಯಿಂಟ್ ಶಾಫ್ಟ್ ಎಂದು ಅದರ ಹೆಸರು. ಅದರ ಎರಡೂ ತುದಿಗೆ ಒಂದೊಂದು ಕವಲು, ಕವಲಿನೊಳಗೆ ಕೂಡುವ ಚಿಹ್ನೆಯಂಥ ಒಂದು ಕಬ್ಬಿಣ. ಜೀಪಿನ ಕವಲು ಸಣ್ಣದು, ಪಿಕಪ್ ಆಕ್ಸಲಿನ ಕವಲು ದೊಡ್ಡದು. ಕೊಳವೆಯೋ ನಾಲ್ಕು ಬೆರಳು ಹೆಚ್ಚು ಉದ್ದ. ಒಟ್ಟಿನಲ್ಲಿ ಹುಡುಗನ ಕಡೆಯದು ಒಂದೂ ಹುಡುಗಿಯ ಕಡೆಗೆ ಹೊಂದದು. ಮಾವನ ತೀರ್ಮಾನ ಇಷ್ಟು: ಮುಂದಿನ ಅರ್ಧ ಜೀಪಿನ ಶಾಫ್ಟು, ಹಿಂದಿನ ಅರ್ಧ ಪಿಕಪ್‌ನ ಶಾಫ್ಟು, ನಡುವೆ ಬೆಸುಗೆ. ಜೀಪಿನದು ಕೈಯಲ್ಲಿದೆ. ಪಿಕಪ್‌ನದು ಎಲ್ಲಿ?

ಶುರುವಾಯಿತು ನೋಡಿ ಹೆಣ್ಣು ಹುಡುಕುವ ಕೆಲಸ! ಜೀಪಿನ ಶಾಫ್ಟನ್ನು ಅತ್ತೆಯ ಹಳೇ ಸೀರೆಯಲ್ಲಿ ಸುತ್ತಿಕೊಂಡು ಮಾವ ದಿನವೂ ರಾಬರ್ಟ್‌ಸನ್‌ಪೇಟೆ ಬಸ್ಸು ಹತ್ತುತ್ತಿದ್ದರು. ತೊಡೆಯ ಮೇಲೆ ಅಡ್ಡಡ್ಡ ಮಲಗಿಸಿಕೊಂಡ ಆ ಗಂಟನ್ನು ನೋಡಿ ಒಂದು ದಿನ ಪಕ್ಕದ ಹೆಂಗಸು, “ಎಷ್ಟು ತಿಂಗಳು?” ಎಂದು ಕೇಳಿದಳಂತೆ. “ನಲವತ್ತು ವರ್ಷ ಆಯ್ತಮ್ಮ” ಎಂದರಂತೆ ಮಾವ. ಆ ತಾಯಿ ಮುಂದಿನ ಸ್ಟಾಪಿನಲ್ಲಿ ಸೀಟು ಬದಲಾಯಿಸಿದಳು.

ಅಂಗಡಿಗಳಲ್ಲಿ ಸಿಗಲಿಲ್ಲ, ಗುಜರಿಗಳಲ್ಲಿ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಕೋರಮಂಡಲ್‌ನಲ್ಲಿ, ಒಂದು ಮನೆಯ ಹಿತ್ತಿಲಲ್ಲಿ, ಬಟ್ಟೆ ಒಣಗಿಸುವ ಕಂಬವಾಗಿ! ಯಾರೋ ಪುಣ್ಯಾತ್ಮರು ಯಾವ ಕಾಲದಲ್ಲೋ ಪಿಕಪ್ ಗಾಡಿಯ ಶಾಫ್ಟನ್ನು ನೆಲಕ್ಕೆ ನೆಟ್ಟು, ತುದಿಯ ಕವಲಿಗೆ ಹಗ್ಗ ಬಿಗಿದಿದ್ದರು. ಆ ದಿನ ನಾನೂ ಜೊತೆಗಿದ್ದೆ, ಆದ್ದರಿಂದ ಇದಕ್ಕೆ ಸಾಕ್ಷಿ ನಾನೇ. ಮಾವ ಬೇಲಿ ದಾಟಿ ಹೋಗಿ, ಒದ್ದೆ ಸೀರೆ ಸರಿಸಿ, ವರ್ನಿಯರ್ ಹಚ್ಚಿ ಅಳೆಯತೊಡಗಿದರು. ಒಳಗಿನಿಂದ ಒಬ್ಬ ಅಜ್ಜಿ ಪೊರಕೆ ಹಿಡಿದು ಬಂದರು.

“ಯಾರುಯ್ಯಾ ನೀ? ಎನ್ ಪುಡವೆಯೆ ಎದುಕ್ಕು ಅಳಕ್ಕಿರೆ?”

ನನ್ನ ಸೀರೆಯನ್ನು ಯಾಕಯ್ಯಾ ಅಳೀತಿದ್ದೀಯ ಎಂದು ಕೇಳಿದರೆ ಯಾವ ಮರ್ಯಾದಸ್ಥನಾದರೂ ಓಡಬೇಕು. ಮಾವ ಓಡಲಿಲ್ಲ. ಹಿಂದೆ ತಿರುಗಿಯೂ ನೋಡದೆ ತಮಿಳಿನಲ್ಲಿ ಮಿಲಿಮೀಟರ್ ಎಣಿಸಿ ಮುಗಿಸಿ, ನನ್ನ ಕಡೆ ಕೈಯೆತ್ತಿ ಕೂಗಿದರು, “ಅಮ್ಮಣ್ಣಿ! ಕೂತ್ಕಂತದೆ!”

ಮಾರನೆಯ ದಿನ ಮಾವ ಒಂದು ಒಳ್ಳೆಯ ಸರ್ವೆ ಮರದ ಕಂಬ ತಂದು ಅಜ್ಜಿಯ ಹಿತ್ತಿಲಲ್ಲಿ ನೆಟ್ಟರು. ಹಗ್ಗ ಕಟ್ಟಿದರು. ಅಷ್ಟಕ್ಕೇ ಬಿಡದೆ ಬಕೆಟ್ಟಿನಲ್ಲಿದ್ದ ಬಟ್ಟೆಗಳನ್ನೆಲ್ಲ ಹಿಂಡಿ ಹಿಂಡಿ ಒಣಗಲು ಹಾಕಿದರು. ಮನೆಯಲ್ಲಿ ಒಂದು ಕರ್ಚೀಫನ್ನೂ ಹಿಂಡದ ಮನುಷ್ಯ! ಅಜ್ಜಿ ಖುಷಿಯಾಗಿ ಕಾಫಿ ಕೊಟ್ಟರು.

ರಾಬರ್ಟ್‌ಸನ್‌ಪೇಟೆಯಲ್ಲಿ ಮಾವನ ಹಳೆಯ ಗೆಳೆಯರೊಬ್ಬರ ಲೇತ್ ಶೆಡ್ಡಿದೆ. ಅವರೂ ಗಣಿಯಲ್ಲಿ ಕೆಲಸ ಮಾಡಿದವರು, ಮನೆಮಾತು ತಮಿಳು. ಎರಡು ಶಾಫ್ಟುಗಳನ್ನೂ ಕತ್ತರಿಸಿ, ಒಂದರ ಬಾಯಿಗೆ ಇನ್ನೊಂದು ಕೂರುವಂತೆ ಒಂದು ಬಳೆ ಕಡೆದು, ಬೆಸೆದು ಕೊಟ್ಟರು. ಕೊಟ್ಟು ಹೇಳಿದರು, “ಅಣ್ಣಾ, ಎರಡು ಗಾಡಿದು ಸೇರ್ಸಿದ್ರೆ ಸ್ವಲ್ಪ ಆಡ್ತದೆ. ಜೀಪು ತಾನೇ, ವಿಡು!”

“ಆಡ್ಬಾರ್ದು.”

“ಯಾವ ಜೀಪು ಆಡಲ್ಲ ಏಳಣ್ಣಾ?”

“ನಂದು. ಸೀಟ್ ಮ್ಯಾಲೆ ಲೋಟದಾಗೆ ನೀರಿಕ್ಕಿ ಇಲ್ಲಿಗಂಟ ತತ್ತೀನಿ. ಒಂದು ತೊಟ್ಟು ಚೆಲ್ಲಿದ್ರೆ ಕೇಳು!”

ಮಾವನ ಪ್ರತಿಷ್ಠೆ ಎಂದರೆ ಇದು ಎಂದುಕೊಂಡೆ. ಮನೆಗೆ ಬಂದವರೇ ಹಳೇ ಟ್ಯೂಬಿನಿಂದ ಲೋಟ ಕೂರುವಷ್ಟು ಒಂದು ಉಂಗುರ ಕತ್ತರಿಸಿ, ಜೀಪಿನ ಎಡ ಸೀಟಿಗೆ ಅಂಟಿಸಿದರು. ಅದೂ ಎಲ್ಲಿ? ಸರಿಯಾಗಿ ಹಿಂದಿನ ಚಕ್ರದ ನೆತ್ತಿಯ ಮೇಲೆ, ಇಡೀ ಗಾಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕುಣಿಯುವ ಜಾಗದಲ್ಲಿ! “ಮಾವ, ಸ್ವಲ್ಪ ಮುಂದಕ್ಕೆ ಅಂಟಿಸಿ, ಅಲ್ಲಿ ಅಲುಗಾಟ ಕಡಿಮೆ” ಎಂದೆ. “ಅಳತೆ ಮಾಡಿ ಇಕ್ಕಿದೀನಿ, ಮುಟ್ಬ್ಯಾಡ” ಎಂದು ಗದರಿದರು. ಅಳತೆಯ ಹುಚ್ಚು ಆಗ ಜೋರಾಗಿಯೇ ಇತ್ತೆನ್ನಿ. ಅದೇ ವಾರ ಅತ್ತೆ ಫೋನಿನಲ್ಲಿ ಅಕ್ಕನಿಗೆ ದೂರು ಹೇಳುತ್ತಿದ್ದರು, “ದಾರ ತಕಂಡು ನನ್ ಕಾಲು ಅಳೀತಾನೆ ಕಣಕ್ಕ! ಯಾಕಯ್ಯೋ ಅಂದ್ರೆ ಅಸುವಿನ ಕರಕ್ಕೆ ಅಗ್ಗ ಅಂತಾನೆ. ನನ್ ಕಾಲಿಗೂ ಕರಕ್ಕೂ ಏನ್ ನಂಟು?”

ಈಗ ಆಯುಧಪೂಜೆಯ ಕಥೆ. ಶಾಫ್ಟಿನ ಮಧ್ಯೆ ಒಂದು ಜಾರುವ ಕೀಲಿದೆ. ಹಲ್ಲು ಹಲ್ಲು ಕೂಡಿಕೊಂಡು ಒಂದು ತುಂಡಿನೊಳಗೆ ಇನ್ನೊಂದು ಕೂರುತ್ತದೆ. ಗ್ರೀಸ್ ಹಾಕಲು ಬಿಚ್ಚಿದರೆ, ಬಿಚ್ಚುವ ಮೊದಲು ಎರಡೂ ತುಂಡಿನ ಮೇಲೆ ಗುರುತು ಹಾಕಿ, ಮತ್ತೆ ಅದೇ ಹಲ್ಲಿಗೆ ಕೂರಿಸಬೇಕು. ಎರಡು ತುದಿಯ ಕವಲುಗಳು ಒಂದೇ ಸಾಲಿನಲ್ಲಿ ಇರಬೇಕು. ಹಲ್ಲು ತಪ್ಪಿದರೆ ಗಾಡಿಗೆ ದೆವ್ವ ಹಿಡಿಯುತ್ತದೆ. ಫಿಟ್ಟರ್ ಆದವನು ಈ ಗುರುತನ್ನು ಉಳಿಯಿಂದ ಕಚ್ಚು ಹೊಡೆದು ಹಾಕಬೇಕು. ಆದರೆ ಮಾವ ಬಿಚ್ಚಿದ್ದು ಪೂಜೆಯ ಹಿಂದಿನ ಸಂಜೆ. ಸುತ್ತಿಗೆ, ಉಳಿ, ಸ್ಪ್ಯಾನರುಗಳೆಲ್ಲ ಆಗಲೇ ತೊಳೆಸಿಕೊಂಡು ಮಣೆಯ ಮೇಲೆ ಸಾಲಾಗಿ ಕೂತುಬಿಟ್ಟಿದ್ದವು. ಪೂಜೆಗೆ ಇಟ್ಟ ಆಯುಧವನ್ನು ಪೂಜೆ ಆಗುವವರೆಗೆ ಮುಟ್ಟುವುದುಂಟೇ? ಮಾವ ಕೈಗೆ ಸಿಕ್ಕ ಕುಂಕುಮ ತೆಗೆದುಕೊಂಡು ಎರಡು ತುಂಡಿಗೂ ಎದುರುಬದುರು ಒಂದೊಂದು ಬೊಟ್ಟಿಟ್ಟರು. ಬಿಚ್ಚಿ, ಶಾಫ್ಟನ್ನೂ ಮಣೆಯ ಮೇಲೆ ಮಲಗಿಸಿ, ನೆಮ್ಮದಿಯಾಗಿ ಮಲಗಿದರು.

ಮಾರನೆಯ ದಿನ ಸಂಭ್ರಮವಾಗಿ ಪೂಜೆ ಆಯಿತು. ಜೀಪಿನ ಚಕ್ರಕ್ಕೆ ನಿಂಬೆಹಣ್ಣು, ವರ್ನಿಯರ್‌ಗೆ ಸೇವಂತಿಗೆ. ಮಧ್ಯಾಹ್ನ ಮಾವ ಬೊಟ್ಟಿಗೆ ಬೊಟ್ಟು ಸೇರಿಸಿ ಶಾಫ್ಟು ಕೂರಿಸಿದರು. ಉಂಗುರದಲ್ಲಿ ಲೋಟ ಇಟ್ಟು, ಅಂಚಿಗೆ ಒಂದು ಬೆರಳು ಬಿಟ್ಟು ನೀರು ತುಂಬಿಸಿ, ನನ್ನನ್ನು ಎದುರಿನ ಸೀಟಿನಲ್ಲಿ ಕಾವಲಿಗೆ ಕೂರಿಸಿ ಹೊರಟರು.

ಅಯ್ಯೋ, ಆ ಪ್ರಯಾಣ! ಊರ ಬಾಗಿಲು ದಾಟುವ ಮೊದಲೇ ಲೋಟದ ನೀರೆಲ್ಲ ನನ್ನ ಮಡಿಲಲ್ಲಿತ್ತು. ನಂಬರ್ ಪ್ಲೇಟು ಕಳಚಿ ಬಿತ್ತು. ನನ್ನ ಕನ್ನಡಕ ಮೂಗಿನಿಂದ ಇಳಿದು ಬಾಯಿಗೆ ಬಂತು. ಮಾವ ಮುಂದಿನಿಂದ “ಚೆಲ್ತಾ, ಅಮ್ಮಣ್ಣಿ?” ಎಂದು ಕೂಗುತ್ತಿದ್ದರು. “ಚೆಲ್ಲೋಕೆ ಇನ್ನೇನೂ ಉಳಿದಿಲ್ಲ ಮಾವ!” ಎಂದೆ. ಹಲ್ಲು ಕಟಕಟ ಎನ್ನುತ್ತಿದ್ದುದರಿಂದ ಆ ಒಂದು ವಾಕ್ಯಕ್ಕೆ ಹತ್ತು ಅಡಿ ರಸ್ತೆ ಬೇಕಾಯಿತು.

ಮೂರು ವಾರ ಮಾವ ತಪ್ಪು ಹುಡುಕಿದರು. ಚಕ್ರ ಬಿಚ್ಚಿದರು, ಪಟ್ಟಾ ಬಿಚ್ಚಿದರು. ಮುದ್ದೆ ಅಳೆಯುವುದನ್ನೂ ಬಿಟ್ಟುಬಿಟ್ಟರು, ಅಂದರೆ ಪರಿಸ್ಥಿತಿ ಎಷ್ಟು ಗಂಭೀರ ನೋಡಿ! ಅತ್ತೆ ಅಕ್ಕನಿಗೆ ಕೊಡಬೇಕೆಂದು ಹುರಿದಿಟ್ಟ ಹುರುಳಿಕಾಳು ಮುಗ್ಗಲು ಹಿಡಿಯಿತೆಂದು ಇನ್ನೊಮ್ಮೆ ಹುರಿದರು. ಅದನ್ನು ನೋಡಿದ ದಿನ ಮಾವ ಶಾಫ್ಟನ್ನು ಬಿಚ್ಚಿ ಹೆಗಲಿಗೇರಿಸಿ, ನನ್ನನ್ನೂ ಕರೆದುಕೊಂಡು ಲೇತ್ ಶೆಡ್ಡಿಗೆ ಹೋಗಿ ತೆಲುಗಿನಲ್ಲಿ ಕೂಗಾಡಿದರು. ಗೆಳೆಯರು ಶಾಂತವಾಗಿ ಶಾಫ್ಟನ್ನು ತಿರುಗಿಸಿ ನೋಡಿ ಕೇಳಿದರು.

“ಎನ್ನಣ್ಣಾ ಇದು, ಕವಲು ಎರಡೂ ಒಂದೇ ಸಾಲಲ್ಲಿಲ್ಲ. ಮಾರ್ಕ್ ಎದ್ರಲ್ಲಿ ಆಕಿದ್ದೆ?”

“ಕುಂಕುಮದಾಗೆ.”

“ಪೂಜೆಗೆ ಮುಂಚೆಯಾ?”

“ಹ್ಞೂಂ.”

“ಪೂಜೆ ಮಾಡಿದ್ದು ಯಾರು?”

ಮಾವ ಹಣೆ ಚಚ್ಚಿಕೊಂಡರು. ನನಗೂ ಆಗಲೇ ನೆನಪಾದದ್ದು. ಪೂಜೆಯ ಬೆಳಿಗ್ಗೆ ಅತ್ತೆ ಕುರ್ಚಿಯಲ್ಲಿ ಕಾಲು ನೀಡಿಕೊಂಡು, ಒಂದೊಂದು ಸಾಮಾನನ್ನೂ ನನ್ನ ಕೈಯಲ್ಲಿ ಎತ್ತಿಸಿಕೊಂಡು, ಒದ್ದೆ ಬಟ್ಟೆಯಲ್ಲಿ ಭಕ್ತಿಯಿಂದ ಒರೆಸಿ, ಹೊಸದಾಗಿ ವಿಭೂತಿ ಬಳಿದು ಕುಂಕುಮ ಇಟ್ಟಿದ್ದರು. ಹಳೆಯ ಬೊಟ್ಟು ಹೋಯಿತು, ಹೊಸ ಬೊಟ್ಟು ಎಲ್ಲಿ ಚೆಂದ ಕಂಡಿತೋ ಅಲ್ಲಿ ಬಂತು. ಈಗ ಸಿಡಿಯುತ್ತಾರೆ ಎಂದು ನಾನು ಹೆದರಿ ಕೂತೆ. ಮಾವ ಶಾಫ್ಟನ್ನು ಸರಿಯಾದ ಹಲ್ಲಿಗೆ ಕೂರಿಸಿ, ಉಳಿಯಿಂದ ಎರಡು ಕಚ್ಚು ಹೊಡೆಸಿಕೊಂಡು ಹೊರಟರು. ಬಸ್ಸಿನಲ್ಲಿ ನನ್ನ ಕಡೆ ವಾಲಿ ಮೆಲ್ಲಗೆ ಹೇಳಿದರು.

“ನಂದೇ ತಪ್ಪು ಕಣಮ್ಮಣ್ಣಿ. ಕಚ್ಚು ಒಡೀಬೇಕಿತ್ತು. ಅವಳತ್ರ ಕುಂಕುಮದ್ದು ಏಳ್ಬ್ಯಾಡ. ತನ್ನಿಂದ ತಡ ಆಯ್ತು ಅಂತ ಕೊರಗ್ತಾಳೆ.”

ಆಮೇಲಿನ ನಾಲ್ಕು ಭಾನುವಾರ ನಾನು ಲೋಟದ ಕಾವಲುಗಾರ್ತಿ. ಬಂಗಾರಪೇಟೆ ದಾಟಿ, ಗಣಿಯ ತ್ಯಾಜ್ಯ ಮಣ್ಣಿನ ಸೈನೈಡ್ ದಿಬ್ಬದ ಪಕ್ಕ ಹಾದು, ರಾಬರ್ಟ್‌ಸನ್‌ಪೇಟೆಯವರೆಗೆ ಹೋಗುವುದು, ಬರುವುದು. ಪ್ರತಿ ಉಬ್ಬಿಗೂ “ಚೆಲ್ತಾ?” ಎನ್ನುವ ಅದೇ ಪ್ರಶ್ನೆ. ಮೊದಲ ಭಾನುವಾರ ಅರ್ಧ ಲೋಟ ಚೆಲ್ಲಿತು, ಎರಡನೆಯದಕ್ಕೆ ಕಾಲು ಲೋಟ. ಮನೆಗೆ ಬಂದು ಪಟ್ಟಾದ ಒಂದು ಎಲೆ ತೆಗೆಯುವುದು, ಆಕ್ಸಲಿನ ಮೂತಿಯನ್ನು ಒಂದು ಕೂದಲೆಳೆ ಎತ್ತುವುದು. ಮೂರನೆಯದಕ್ಕೆ ನಾಲ್ಕು ತೊಟ್ಟು. “ಸಾಕು ಮಾವ, ಕಂಪನಿಯಿಂದ ಹೊಸದಾಗಿ ಬಂದಾಗಲೂ ಇದು ಇಷ್ಟು ಚೆನ್ನಾಗಿ ಓಡಿರಲಾರದು, ಅತ್ತೆಯನ್ನು ಕೂರಿಸಿಕೊಂಡು ಹೋಗೋಣ” ಎಂದೆ. “ನಾಕು ತೊಟ್ಟು ಚೆಲ್ತಲ್ಲ” ಎಂದರು. ನನಗೆ ನಿಜವಾಗಿಯೂ ಸಿಟ್ಟು ಬಂತು. ಅಲ್ಲಿ ಇಬ್ಬರು ಮುದುಕಿಯರು ಮುಖ ನೋಡಲು ಒದ್ದಾಡುತ್ತಿದ್ದಾರೆ, ಇವರಿಗೆ ಪಂದ್ಯವೇ ದೊಡ್ಡದಾಯಿತಲ್ಲ! ನಾಲ್ಕನೆಯ ಭಾನುವಾರ ಲೇತ್ ಶೆಡ್ಡಿನ ಮುಂದೆ ನಿಲ್ಲಿಸಿದಾಗ ಉಂಗುರದ ಸುತ್ತ ಸೀಟು ಒಣಗಿತ್ತು. ಗೆಳೆಯರು ಬಗ್ಗಿ, ಬೆರಳಾಡಿಸಿ ನೋಡಿ, ಲೋಟವನ್ನು ಎತ್ತಿ ನೀರು ಕುಡಿದುಬಿಟ್ಟರು.

ಮರುದಿನ ಬೆಳಿಗ್ಗೆಯೇ ಹೊರಟೆವು. ನಾನು ಶಾಲೆಗೆ ರಜೆ ಹಾಕಿದ್ದೆ. ಅತ್ತೆ ರೇಷ್ಮೆ ಸೀರೆ ಉಟ್ಟು, ಮಡಿಲಲ್ಲಿ ಹುರುಳಿಕಾಳಿನ ಡಬ್ಬಿ ಇಟ್ಟುಕೊಂಡು ಎಡ ಸೀಟಿನಲ್ಲಿ ಮುಂದಕ್ಕೆ ಬೆನ್ನು ಆನಿಸಿ ಕೂತರು. ನಾನು ಅವರ ಕಾಲನ್ನು ಎತ್ತಿ ಮೆಲ್ಲಗೆ ಸೀಟಿನ ಉದ್ದಕ್ಕೆ ಚಾಚಿದೆ. ಮೊಣಕಾಲಿನ ಕೆಳಗೆ ಮೆತ್ತೆ ಇಡೋಣವೆಂದು ಸೀರೆ ಸರಿಸಿದಾಗ ಕಂಡಿತು. ಮಾವ ಟ್ಯೂಬಿನ ಉಂಗುರವನ್ನು ಕಿತ್ತು ತೆಗೆದಿದ್ದರು. ಅದು ಅಂಟಿದ್ದ ದುಂಡನೆಯ ಕಲೆ ರೆಕ್ಸಿನ್ ಮೇಲೆ ಹಾಗೇ ಇತ್ತು. ಅತ್ತೆಯ ಮುರಿದ ಮೊಣಕಾಲು ಸರಿಯಾಗಿ ಅದರ ಮೇಲಿತ್ತು. ಒಂದು ಕೂದಲೆಳೆ ಆ ಕಡೆ ಇಲ್ಲ, ಈ ಕಡೆ ಇಲ್ಲ.

ಕರುವಿಗೆ ಹಗ್ಗ ಎಂದು ದಾರ ಹಿಡಿದು ಅಳೆದದ್ದು ನೆನಪಾಯಿತು. ನಾಲ್ಕು ತೊಟ್ಟಿಗೆ ಸಿಟ್ಟು ಮಾಡಿಕೊಂಡ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಮಾವನ ಕಡೆ ನೋಡಿದೆ. ಅವರು ಮುಂದೆ ಸ್ಟಿಯರಿಂಗ್ ಹಿಡಿದು ರಸ್ತೆಯನ್ನೇ ನೋಡುತ್ತಿದ್ದರು.

ಜೀಪು ಹೊರಟಿತು. ಅತ್ತೆ ಹತ್ತಿರ ಹತ್ತಿರ ಒಂದು ವರ್ಷದಿಂದ ಕಾಣದ ರಸ್ತೆಯನ್ನು, ಅಂಗಡಿಗಳನ್ನು, ದಿಬ್ಬವನ್ನು ಕಣ್ಣು ತುಂಬಾ ನೋಡುತ್ತಿದ್ದರು. ಮೊದಲ ಉಬ್ಬು ಬಂತು. ಜೀಪು ನಿಧಾನವಾಗಿ ಏರಿ ಇಳಿಯಿತು. ಮುಂದಿನಿಂದ ಮಾವನ ದನಿ ಕೇಳಿಸಿತು.

“ಚೆಲ್ತಾ, ಅಮ್ಮಣ್ಣಿ?”

“ಚೆಲ್ಲೋದೇನಯ್ಯೋ? ಲೋಟ ಎಲ್ಲದೆ ಇಲ್ಲಿ? ಇವನಿಗೆ ಪೂರಾ ತಲೆ ಕೆಡ್ತು ಕಣೇ!” ಎಂದು ಅತ್ತೆ ನಗತೊಡಗಿದರು.

ಪ್ರತಿ ಉಬ್ಬಿಗೂ ಅದೇ ಪ್ರಶ್ನೆ ಬಂತು. ಪ್ರತಿ ಸಲವೂ ನಾನು ಅತ್ತೆಯ ಮುಖ ನೋಡಿ ಉತ್ತರ ಕೊಟ್ಟೆ. ಆಂಡರ್ಸನ್‌ಪೇಟೆಯ ಬೀದಿಗೆ ತಿರುಗಿದಾಗ ಅತ್ತೆಯ ಅಕ್ಕ ಬಾಗಿಲಲ್ಲೇ ನಿಂತಿದ್ದರು. ಪಕ್ಕದಲ್ಲಿ, ಹುಣಸೆಹಣ್ಣು ಹಾಕಿ ಉಜ್ಜಿ ಹೊಳೆಯಿಸಿದ್ದ ಹಿತ್ತಾಳೆ ಬಿಂದಿಗೆ. ಅತ್ತೆ ನಗುವುದನ್ನು ನಿಲ್ಲಿಸಿ, ಕಾಲಿನ ನೆನಪೇ ಇಲ್ಲದೆ ಎರಡು ಕೈಗಳನ್ನೂ ಮುಂದಕ್ಕೆ ಚಾಚಿದರು. ಮಾವ ಜೀಪು ನಿಲ್ಲಿಸಿದರು. ಹಿಂದೆ ತಿರುಗಲಿಲ್ಲ. ಸ್ಟಿಯರಿಂಗ್ ಹಿಡಿದುಕೊಂಡೇ ಕೊನೆಯ ಸಲ ಕೇಳಿದರು.

“ಚೆಲ್ತಾ?”

ನಾನು ಅತ್ತೆಯ ಮೊಣಕಾಲಿನ ಮೇಲೆ ಮೆಲ್ಲಗೆ ಕೈಯಿಟ್ಟು ಹೇಳಿದೆ.

“ಇಲ್ಲ ಮಾವ. ಒಂದು ತೊಟ್ಟೂ ಚೆಲ್ಲಲಿಲ್ಲ.”